ಸನ್ನತಿಯ ಎರೆ ಹೊಲದಲ್ಲಿ ಕೋಟೆ ಹುಡುಕಿದ ನನ್ನ ಅನುಭವ

ಎರೆ ಮಣ್ಣಲ್ಲಿ ರಾಡಾರ್ ನಡೆಯಲ್ಲ, ಡ್ರೋನ್ ಫೋಟೋದಲ್ಲಿ ಕೋಟೆಯಿಂದ ಉಳಿದ ಒಂದಡಿ ಉಬ್ಬು ಕಾಣಲ್ಲ ಅಂತ ಸರ್ವೆ ಮಾಡುವ ಗೆಳೆಯರೆಲ್ಲ ಹೇಳಿದ್ದರು. ಮೊದಲನೇ ಮಾತು ನಿಜ ಅಂತ ತಿಳಿಯೋಕೆ ನನಗೆ ಸುಮಾರು 40 ಸಾವಿರ ಹೋಯಿತು. ಎರಡನೆಯದು ತಪ್ಪು.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಸನ್ನತಿ ಶಾತವಾಹನರ ಕಾಲದ ದೊಡ್ಡ ಪಟ್ಟಣ. ಇಲ್ಲಿ ಕಾಳಿ ಮೂರ್ತಿಗೆ ಪೀಠವಾಗಿದ್ದ ಕಲ್ಲಲ್ಲೇ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ 'ರಾಯೋ ಅಸೋಕೋ' ಅಂತ ಹೆಸರು ಕೊರೆದ ಅವನ ಶಿಲ್ಪ ಸಿಕ್ಕಿತು. ಆ ಪಟ್ಟಣದ ಸುತ್ತ ಇದ್ದ ಕೋಟೆ ಟ್ರ್ಯಾಕ್ಟರ್ ಬಾಯಿಗೆ ಸಿಕ್ಕಿ ವರ್ಷ ವರ್ಷ ಸವೆಯುತ್ತಿದೆ. ಪೂರ್ತಿ ಅಳಿಯುವ ಮೊದಲು ಅಳೆದಿಡಬೇಕು ಅನ್ನೋದೇ ನನ್ನ ಹಟ.

ಜಿಪಿಆರ್, ಅಂದರೆ ನೆಲದೊಳಕ್ಕೆ ಅಲೆ ಬಿಟ್ಟು ನೋಡುವ ರಾಡಾರ್, ಮೂರು ದಿನ ಬಾಡಿಗೆಗೆ ತಂದೆ. ಹಿಂದಿನ ವಾರ ಒಂದು ಮಳೆ ಬಿದ್ದಿತ್ತು. ಜೇಡಿ ಅಂಶ ಜಾಸ್ತಿ, ಮೇಲೆ ಹಸಿ, ಅಲೆಯನ್ನೆಲ್ಲ ಮಣ್ಣೇ ನುಂಗಿತು. ಮೊಣಕಾಲುದ್ದ ಆಳದ ಕೆಳಗೆ ಪರದೆ ಬರೀ ಬೂದಿ ಬಣ್ಣ.

ಮುಂದಿನ ಬೇಸಿಗೆ ನನ್ನದೇ ಡ್ರೋನ್. ಗುಡಿ, ಸ್ತೂಪದ ಕಡೆ ಹೋಗಲಿಲ್ಲ, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ರೈತರ ಒಪ್ಪಿಗೆ ತಗೊಂಡು ಅವರ ಹೊಲಗಳ ಮೇಲಷ್ಟೇ ಹಾರಿಸಿದೆ. ಫೋಟೋಗಳನ್ನು ನೆಲದ ಅಳತೆಗೆ ಹೊಂದಿಸೋಕೆ ಬೇಕಾದ ಗುರುತಿಗೆ ಸುಣ್ಣದ ಪುಡಿ ಹಾಕಿದ್ದು ಮಧ್ಯಾಹ್ನದ ಗಾಳಿಗೇ ಹೋಯಿತು. ಆಮೇಲೆ ಹಳೇ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ, ಬಿಳಿ ಹಿಂಬದಿಗೆ ಕರಿ ಬಣ್ಣದಲ್ಲಿ ಕೂಡು ಗುರುತು ಬಳಿದು, ನಾಲ್ಕು ಮೂಲೆಗೆ ಮೊಳೆ ಹೊಡೆದೆ. ಇವತ್ತಿಗೂ ಅವೇ.

ಫೋಟೋಗಳನ್ನು ಜೋಡಿಸಿ ಮಾಡಿದ ನೆಲದ ಮೊದಲ 3ಡಿ ಮಾದರಿಯಲ್ಲಿ ಹೊಲದ ನಡುವೆ ದೊಡ್ಡ ದಿಬ್ಬ ಕಂಡಿತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ರೋವರ್ (ನಿಖರವಾಗಿ ಎತ್ತರ ಅಳೆಯುವ ಜಿಪಿಎಸ್) ಹಿಡಿದು ಅಳೆದರೆ ನೆಲ ಸಮ! ಕ್ಯಾಮೆರಾ ನೇರ ಕೆಳಗೆ ನೋಡಿ ತೆಗೆದ ಫೋಟೋಗಳಲ್ಲಿ ಲೆನ್ಸಿನ ದೋಷ ಹೀಗೆ ಗುಮ್ಮಟ ಕಟ್ಟುತ್ತೆ. ಓರೆಯಾಗಿ, ಅಡ್ಡಡ್ಡ ಇನ್ನೊಂದು ಸುತ್ತು ಹಾರಿಸಿ, ಗುರುತುಗಳನ್ನು ಆರರಿಂದ ಹದಿನೈದಕ್ಕೆ ಏರಿಸಿದ ಮೇಲೆ ದಿಬ್ಬ ಹೋಯಿತು. ನಂತರ ನೆಲದ ಸಹಜ ಇಳಿಜಾರನ್ನು ಕಳೆದು ಉಬ್ಬು ಮಾತ್ರ ಉಳಿಸಬೇಕು. ಇಳಿಜಾರು ಲೆಕ್ಕ ಹಾಕೋಕೆ ಸುತ್ತ ಎಷ್ಟು ಮೀಟರ್ ನೆಲ ಹಿಡಿದೆ ಅಂತ ಇಲ್ಲಿ ಬರೆಯಲ್ಲ, ಎರಡು ಬೇಸಿಗೆ ಕಳೆದು ಸಿಕ್ಕ ಸಂಖ್ಯೆ ಅದು.

ನಿಜವಾಗಿ ಕೈಹಿಡಿದಿದ್ದು ಕರೋನಾ ಚಿತ್ರ. ರೋಗ ಅಲ್ಲ, 1960ರಿಂದ 1972ರವರೆಗೆ ಹಾರಿದ ಅಮೆರಿಕದ ಬೇಹು ಉಪಗ್ರಹಗಳ ಸರಣಿ. 1995ರಲ್ಲಿ ಆ ಚಿತ್ರಗಳನ್ನು ಬಹಿರಂಗ ಮಾಡಿದರು. ಮೊದಲೇ ಸ್ಕ್ಯಾನ್ ಆಗಿದ್ದರೆ ಪುಕ್ಕಟೆ, ಇಲ್ಲದಿದ್ದರೆ ಒಂದು ಫ್ರೇಮಿಗೆ 30 ಡಾಲರ್. ಟ್ರ್ಯಾಕ್ಟರ್ ಮುಟ್ಟುವ ಮುಂಚಿನ ಹೊಲಗಳು ಅದರಲ್ಲಿವೆ. ಅಂಚುಗಳು ಸೊಟ್ಟ ಇರುತ್ತವೆ, ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಥಿನ್ ಪ್ಲೇಟ್ ಸ್ಪ್ಲೈನ್ (ಚಿತ್ರವನ್ನು ರಬ್ಬರಿನಂತೆ ಎಳೆದು ಕೂರಿಸುವ ವಿಧಾನ) ಹಾಕಿ, ಹಳೇ ಬಾವಿ, ಗುಡಿ, ದಾರಿ ಕೂಡುವ ಜಾಗ ಹಿಡಿದು ಕೂರಿಸಿದೆ. ಅದರಲ್ಲಿ ಕಂಡ ಕೋಟೆಯ ಮಸುಕು ಗೆರೆಯೂ ನನ್ನ ಡ್ರೋನಿನ ಉಬ್ಬೂ ಒಂದರ ಮೇಲೊಂದು ಕೂತವು. ಉಬ್ಬು ಅಂದರೆ ಸುಮಾರು ಒಂದಡಿ ಎತ್ತರ, ಇಪ್ಪತ್ತೈದು ಮೂವತ್ತು ಮೀಟರ್ ಅಗಲ. ನಡೆದುಹೋದರೆ ಕಾಲಿಗೆ ಗೊತ್ತೇ ಆಗಲ್ಲ. ಬೇಡ ಅಂದಿದ್ದ ಗೆಳೆಯರಿಗೆ ಕಳಿಸಿದೆ, ಒಬ್ಬರು ಕಚ್ಚಾ ಫೈಲ್ ಕೇಳಿದರು.

ನಡುವೆ ಸಾಲ ತಂದ, ಶಾಖದ ವ್ಯತ್ಯಾಸ ಹಿಡಿಯುವ ಥರ್ಮಲ್ ಕ್ಯಾಮೆರಾವನ್ನು ಸೂರ್ಯ ಹುಟ್ಟುವ ಮೊದಲು ಹಾರಿಸಿ ನೋಡಿದೆ. ಕೋಟೆ ಕಾಣಲಿಲ್ಲ, ಕಲ್ಲು ತುಂಬಿ ಮುಚ್ಚಿದ ಒಂದು ಬಾವಿ ದುಂಡಗೆ ಹೊಳೆಯಿತು. ಆ ಪ್ರಯೋಗವನ್ನು ಇನ್ನೂ ಬಿಟ್ಟಿಲ್ಲ.

ಮೊದಲ ದಿನ "ಯಾಕ್ರಿ ಸರ, ಹೊಲ ಸರ್ಕಾರ ತಗೋತದೇನು?" ಅಂತ ಕೇಳಿದ್ದ ರೈತರಿಗೆ ನಕ್ಷೆ ತೋರಿಸಿದೆ. ಬೆರಳಿಟ್ಟು ಗೆರೆಯುದ್ದಕ್ಕೂ ಎಳೆದರು. "ಇಲ್ಲಿ ತೊಗರಿ ಯಾವಾಗ್ಲೂ ಗಿಡ್ಡ ರೀ, ಎಷ್ಟು ಗೊಬ್ಬರ ಹಾಕಿದ್ರೂ." ಮನೆಗೆ ಬಂದು ಮೂರು ವರ್ಷದ ಡಿಸೆಂಬರ್ ತಿಂಗಳ ಸೆಂಟಿನೆಲ್ ಉಪಗ್ರಹದ ಚಿತ್ರ ತೆಗೆದೆ. ಮೂರರಲ್ಲೂ ಅದೇ ಪಟ್ಟಿ ಪೇಲವ.