ಸಂಘದ ಚುನಾವಣೆಗೆ ಬ್ಲಾಕ್‌ಚೈನ್: ನಾನು ಕಟ್ಟಿದ ಬಗೆ

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಮತ ಹಾಕಬೇಕೆಂದರೆ ವಾರ್ಷಿಕ ಸಭೆಯ ದಿನ ಊರಿನಲ್ಲೇ ಇರಬೇಕಿತ್ತು. ದುಬೈ, ನ್ಯೂಜೆರ್ಸಿಯಲ್ಲಿದ್ದವರು ಚಂದಾ ಕಟ್ಟುತ್ತಿದ್ದರು, ಪದಾಧಿಕಾರಿಗಳನ್ನು ಆರಿಸುವ ಭಾಗ್ಯ ಅವರಿಗಿರಲಿಲ್ಲ. ಆನ್‌ಲೈನ್ ಮತದಾನದ ವ್ಯವಸ್ಥೆ ಮಾಡುವ ಹೊಣೆ ನನ್ನ ಪಾಲಿಗೆ ಬಂತು. ಬ್ಲಾಕ್‌ಚೈನ್ ಎಂದರೆ ಪ್ರತಿ ದಾಖಲೆಯನ್ನೂ ಹಿಂದಿನದಕ್ಕೆ ಕೊಂಡಿ ಹಾಕಿ, ಹಲವರ ಬಳಿ ಪ್ರತಿ ಇಡುವ ಲೆಕ್ಕದ ಪುಸ್ತಕ. ಅದನ್ನು ಹಾಕಿಬಿಟ್ಟರೆ ಯಾರೂ ತಿದ್ದಲಾರರು ಎಂದು ಎಲ್ಲರೂ ನಂಬಿದ್ದರು. ಚುನಾವಣಾಧಿಕಾರಿಯಾಗಿದ್ದ ನಮ್ಮ ಮೇಷ್ಟ್ರು ಮಾತ್ರ ಕೇಳಿದರು: "ಅಲ್ಲಪ್ಪಾ, ನಾನು ಒತ್ತಿದ್ದು ಒಬ್ಬರಿಗೆ, ನಿನ್ನ ಪ್ರೋಗ್ರಾಮು ಕಳಿಸಿದ್ದು ಇನ್ನೊಬ್ಬರಿಗೆ ಅಂತಾದ್ರೆ? ಆಮೇಲೆ ಅದನ್ನ ಎಷ್ಟು ಭದ್ರವಾಗಿಟ್ಟು ಏನು ಬಂತು?"

ಅಸಲು ಪ್ರಶ್ನೆ ಇದೇ. 2018ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಬಳಸಿದ ವೋಟ್ಸ್ ಆ್ಯಪಿನ ಹಿಂದೆಯೂ ಬ್ಲಾಕ್‌ಚೈನ್ ಇತ್ತು. ಫೋನಿನೊಳಗೆ ನುಸುಳಿ ಹಿಡಿತ ಸಾಧಿಸಿದವರು ಮತವನ್ನೇ ಬದಲಿಸಬಹುದು ಎಂದು ಎಂಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು. ಒಳಗೆ ಬಿದ್ದ ಮೇಲಷ್ಟೇ ಬ್ಲಾಕ್‌ಚೈನ್ ಮತವನ್ನು ಕಾಯುತ್ತದೆ.

ಹಾಗಾಗಿ ಜಾಶ್ ಬೆನಲೋ ಎಂಬ ಗೂಢಲಿಪಿ ತಜ್ಞರ ಉಪಾಯವನ್ನು ಹಿಡಿದೆ. ಹೆಸರು ಆರಿಸಿದೊಡನೆ ಫೋನು ಮತವನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಓದಲಾಗದ ಗುಪ್ತ ರೂಪಕ್ಕೆ ತಿರುಗಿಸಿ, ಒಂದು ಕೋಡ್ ತೋರಿಸುತ್ತದೆ. ಮುಂದೆ ಎರಡು ಗುಂಡಿ: 'ಮತ ಹಾಕಿ', 'ಪರೀಕ್ಷಿಸಿ'. ಪರೀಕ್ಷಿಸಿ ಎಂದರೆ, ಎನ್‌ಕ್ರಿಪ್ಟ್ ಮಾಡಲು ಬಳಸಿದ ಯಾದೃಚ್ಛಿಕ (ಊಹಿಸಲಾಗದಂತೆ ಆರಿಸಿದ) ಸಂಖ್ಯೆಯನ್ನು ಅದು ಹೊರಗೆ ಹಾಕಲೇಬೇಕು. ಆ ಸಂಖ್ಯೆಯನ್ನೂ ನೀವು ಆರಿಸಿದ ಹೆಸರನ್ನೂ ಬೇರೊಂದು ಕಂಪ್ಯೂಟರಿಗೆ ಕೊಟ್ಟರೆ ಅದೇ ಕೋಡ್ ಬರಬೇಕು. ಬರದಿದ್ದರೆ ಮೋಸ ಅಲ್ಲೇ ಬಯಲು. ಹೀಗೆ ತೆರೆದ ಮತಪತ್ರ ರದ್ದಾಗುತ್ತದೆ, ಹೊಸದಾಗಿ ಮತ ಹಾಕಬೇಕು. ಯಾರು ಯಾವ ಗುಂಡಿ ಒತ್ತುತ್ತಾರೆಂದು ಪ್ರೋಗ್ರಾಮಿಗೆ ಮೊದಲೇ ತಿಳಿಯದು. ಕೆಲವೇ ಜನ ಪರೀಕ್ಷಿಸಿದರೂ ದೊಡ್ಡ ಮಟ್ಟದ ಮೋಸ ಸಿಕ್ಕಿಬೀಳುತ್ತದೆ. ಮೇಷ್ಟ್ರಿಗೆ ಇದನ್ನು ಮಾಡಿ ತೋರಿಸಿದ ಮೇಲೆಯೇ ಅವರು ಸಹಿ ಹಾಕಿದ್ದು.

ಗುಟ್ಟು ಉಳಿಸುವುದು ಇನ್ನೊಂದು ಕಷ್ಟ. ಮತದ ಹ್ಯಾಶ್ ಮಾತ್ರ, ಅಂದರೆ ಅದರಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತವನ್ನು ಮಾತ್ರ, ಪ್ರಕಟಿಸಿದರೆ ಸಾಕು ಎನ್ನುವವರಿದ್ದಾರೆ. ಆದರೆ ಒಂದೇ ಹೆಸರಿಗೆ ಯಾವಾಗಲೂ ಒಂದೇ ಹ್ಯಾಶ್ ಬರುತ್ತದೆ. ಅಭ್ಯರ್ಥಿಗಳು ನಾಲ್ಕು ಜನ ಇದ್ದಾಗ ನಾಲ್ಕೂ ಹೆಸರಿನ ಹ್ಯಾಶ್ ತೆಗೆದು ಹೋಲಿಸುವುದು ಎಷ್ಟು ಹೊತ್ತಿನ ಕೆಲಸ? ಅದಕ್ಕೇ ಎಲ್‌ಗಮಾಲ್ ಎಂಬ ಎನ್‌ಕ್ರಿಪ್ಟ್ ಮಾಡುವ ಪದ್ಧತಿ ಬಳಸಿದೆ. ಪ್ರತಿ ಮತಕ್ಕೂ ಹೊಸ ಯಾದೃಚ್ಛಿಕ ಸಂಖ್ಯೆ, ಹಾಗಾಗಿ ಒಂದೇ ಹೆಸರಿಗೂ ಪ್ರತಿ ಸಲ ಬೇರೆ ಕೋಡ್. ಇನ್ನು ಕೀ ಉದ್ದವಿದ್ದಷ್ಟೂ ಒಡೆಯುವುದು ಕಷ್ಟ. 2019ರಲ್ಲಿ ಮಾಸ್ಕೋ ನಗರದ ಚುನಾವಣೆಗೆ ಸಿದ್ಧಪಡಿಸಿದ್ದ ವ್ಯವಸ್ಥೆಯಲ್ಲಿ ಕೀ ಉದ್ದ 256 ಬಿಟ್‌ಗೂ ಕಡಿಮೆ ಇತ್ತು. ಫ್ರಾನ್ಸಿನ ಪಿಯೆರಿಕ್ ಗೋದ್ರಿ ಅದನ್ನು ಸಾಧಾರಣ ಕಂಪ್ಯೂಟರಿನಲ್ಲಿ ಸುಮಾರು 20 ನಿಮಿಷದಲ್ಲಿ ಒಡೆದರು. ನಾನು 2048 ಬಿಟ್ ಇಟ್ಟೆ. ಬಿಚ್ಚುವ ಕೀಯನ್ನು ಐದು ಪಾಲು ಮಾಡಿ ಐವರಿಗೆ ಕೊಟ್ಟೆವು, ಮೂವರಾದರೂ ಸೇರಬೇಕು. ದೇವಸ್ಥಾನದ ಹುಂಡಿಗೆ ಹಲವರ ಬಳಿ ಬೀಗದ ಕೈ ಇರುವ ಹಾಗೆ. ಎಲ್‌ಗಮಾಲ್‌ನಲ್ಲಿ ಮುಚ್ಚಿದ ಮತಗಳನ್ನು ಬಿಚ್ಚದೆಯೇ ಕೂಡಿಸಬಹುದು, ಕೊನೆಗೆ ಮೊತ್ತವನ್ನು ಮಾತ್ರ ಬಿಚ್ಚುತ್ತೇವೆ.

ಬ್ಲಾಕ್‌ಚೈನ್ ಭಾಗ ಸಣ್ಣದು. ಮೇಷ್ಟ್ರ ಬಳಿ ಒಂದು ನೋಡ್ (ದಾಖಲೆಯ ಪೂರ್ತಿ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್), ಸ್ಪರ್ಧಿಸಿದ ಎರಡೂ ಬಣಗಳ ಬಳಿ ಒಂದೊಂದು. ಎಲ್ಲ ನೋಡ್‌ಗಳೂ ನನ್ನ ಕೈಯಲ್ಲೇ ಇದ್ದಿದ್ದರೆ ಅದಕ್ಕೂ ಸಾಮಾನ್ಯ ಡೇಟಾಬೇಸಿಗೂ ವ್ಯತ್ಯಾಸವಿರುತ್ತಿರಲಿಲ್ಲ. ಗಂಟೆಗೊಮ್ಮೆ ಕೊನೆಯ ಬ್ಲಾಕಿನ (ದಾಖಲೆಗಳ ಕಂತೆಯ) ಹ್ಯಾಶನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆವು. ಹಿಂದಿನ ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಸದಸ್ಯರ ಫೋನಿನಲ್ಲಿರುವ ಹ್ಯಾಶ್ ತಾಳೆಯಾಗದು.

ಒತ್ತಡಕ್ಕೆ ಒಳಗಾದವರು ಮತ್ತೆ ಮತ ಹಾಕಬಹುದು, ಕೊನೆಯದೇ ಲೆಕ್ಕ. 2005ರಿಂದ ಆನ್‌ಲೈನ್ ಮತದಾನ ನಡೆಸುತ್ತಿರುವ ಎಸ್ಟೋನಿಯಾದಲ್ಲೂ ಹೀಗೇ. ಆದರೆ ಒತ್ತಡ ಹಾಕಿದವನು ಕೋಡ್ ಬರೆದಿಟ್ಟುಕೊಂಡು, ಅದು ಬದಲಾಯಿತೇ ಎಂದು, ಹಾಕಿದ ಮತಗಳ ಕೋಡ್‌ಗಳಿರುವ ನಮ್ಮ ಬಹಿರಂಗ ಪಟ್ಟಿಯಲ್ಲಿ ನೋಡಬಲ್ಲ. ಈ ಕೊರತೆಯನ್ನು ಸಭೆಗೆ ತಿಳಿಸಿಯೇ ಒಪ್ಪಿಗೆ ಪಡೆದೆವು.

ವಿಧಾನಸಭೆಗೂ ಇದನ್ನೇ ತರಬಾರದೇ ಎಂದು ಹಲವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಮತಗಟ್ಟೆಯ ಮರೆಯಲ್ಲಿ ಪಕ್ಕದಲ್ಲಿ ಯಾರೂ ನಿಲ್ಲುವಂತಿಲ್ಲ, ಮನೆಯಲ್ಲಿ ಆ ಮರೆ ಎಲ್ಲಿ? ಅಲ್ಲದೆ ಮತಯಂತ್ರದ ಜೊತೆಗಿನ, ಚೀಟಿ ಮುದ್ರಿಸುವ ವಿವಿಪ್ಯಾಟ್ ಗಾಜಿನ ಹಿಂದೆ 7 ಸೆಕೆಂಡ್ ಕಾಣುವ ಚೀಟಿಯನ್ನು ಓದಿ ತಾಳೆ ನೋಡಲು ಯಾವ ಗಣಿತವೂ ಬೇಕಿಲ್ಲ.