ಹೊಸ ಕಾರಿನಿಂದ ಸುಟ್ಟ ವಾಸನೆ ಬಂದರೆ ಏನು ಮಾಡಬೇಕು?

ಶಿವಮೊಗ್ಗದ ಶೋರೂಮಿನಿಂದ ಕಾರು ತಗೊಂಡು ತೀರ್ಥಹಳ್ಳಿಗೆ ಹೊರಟಿದ್ದೆವು. ಹಕ್ಕಿ ನೋಡೋಣ ಅಂತ ಮಂಡಗದ್ದೆಯಲ್ಲಿ ನಿಲ್ಲಿಸಿದರೆ ಬಾನೆಟ್ ಸಂದಿಯಿಂದ ಸುಟ್ಟ ಎಣ್ಣೆಯ ಘಾಟು! ಮೀಟರಿನಲ್ಲಿ ಇದ್ದದ್ದು ಬರೀ 58 ಕಿ.ಮೀ. "ನಿಂಬೆಹಣ್ಣಿನ ಮೇಲೆ ಚಕ್ರ ಸರಿಯಾಗಿ ಹತ್ತಲಿಲ್ವೇನೋ" ಅಂದರು ನಮ್ಮತ್ತೆ. ನಮ್ಮವರು ಆಗಲೇ ಶೋರೂಮಿಗೆ ಫೋನ್ ಹಚ್ಚಿದ್ದರು.

ಆ ತಿಂಗಳು ನಾನೊಂದು ಪುಟ್ಟ ಪುಸ್ತಕ ಇಟ್ಟೆ. ವಾಸನೆ ಎಲ್ಲಿಂದ ಬಂತು, ಏನು ಮಾಡಿದ ಮೇಲೆ ಬಂತು, ನಿನ್ನೆಗಿಂತ ಜಾಸ್ತಿಯೋ ಕಡಿಮೆಯೋ, ಇಷ್ಟೇ ಬರೆದೆ. ನೀವೂ ಬರೆಯಿರಿ. ಸುಮ್ನೆ "ಏನೋ ವಾಸನೆ" ಅಂದರೆ "ಹೊಸ ಗಾಡಿ ಅಲ್ವಾ ಮೇಡಂ" ಅಂತ ಕಳಿಸಿಬಿಡುತ್ತಾರೆ. ತಾರೀಖು, ಕಿಲೋಮೀಟರ್ ಸಮೇತ ಹೇಳಿದರೆ ಗಾಡಿ ಎತ್ತಿ ನೋಡುತ್ತಾರೆ.

ಮೊದಲ ದಿನದ ಘಾಟಿಗೆ ಹೆದರಬೇಕಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಕೆಲವು ಲೋಹದ ಭಾಗಗಳಿಗೆ ಎಣ್ಣೆಯೋ ಮೇಣವೋ ಬಳಿದಿರುತ್ತಾರೆ. ಹೊಗೆ ಕೊಳವೆ ಕಾದಾಗ ಅದು ಸುಡುತ್ತದೆ. ಹೊಸ ಕಾವಲಿ ಮೊದಲ ಸಲ ಒಲೆಗಿಟ್ಟಾಗ ಮನೆಯೆಲ್ಲ ಹೊಗೆಯಾಗುವುದಿಲ್ಲವೇ, ಹಾಗೆ. ಕಿಟಕಿ ಇಳಿಸಿ ಓಡಿಸಿ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬರಬೇಕು.

ನಮ್ಮದು ಕಡಿಮೆಯಾಗಲಿಲ್ಲ. 300 ಕಿ.ಮೀ. ದಾಟಿದರೂ ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ. ಪುಸ್ತಕ ಹಿಡಿದುಕೊಂಡೇ ಹೋದೆ. ಗಾಡಿ ಎತ್ತಿಸಿ ನೋಡಿದರೆ ಸೈಲೆನ್ಸರ್ ಮೇಲೆ ಕಪ್ಪು ಕಲೆಗಳು. ಮಲೆನಾಡಿನ ಮಳೆಗೆ ಬೇಕೇ ಬೇಕು ಅಂತ ದುಡ್ಡು ಕೊಟ್ಟು ಕಾರಿನ ಅಡಿಗೆ ಕೋಟಿಂಗ್ ಹೊಡೆಸಿದ್ದೆವು. ಹೊಡೆದ ಹುಡುಗ ಸೈಲೆನ್ಸರ್ ಮುಚ್ಚಿರಲಿಲ್ಲ. ಕೆರೆದು ತೆಗೆದರು, ಎರಡು ದಿನಕ್ಕೆ ವಾಸನೆ ಹೋಯಿತು. ನೀವು ಕೋಟಿಂಗ್ ಮಾಡಿಸುವುದಾದರೆ ಸೈಲೆನ್ಸರ್ ಮುಚ್ಚಿ ಹೊಡೆಯಿರಿ ಅಂತ ಮೊದಲೇ ಹೇಳಿ. ಆಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿ, ನಾಚಿಕೆ ಬೇಡ.

ಇನ್ನೊಂದು ವಾಸನೆ ಪೂರ್ತಿ ನನ್ನದೇ ತಪ್ಪು. ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಮುಂದೆ ಬಸ್ಸು, ಹಿಂದೆ ಹಾರ್ನ್. ಗಾಡಿ ಹಿಂದಕ್ಕೆ ಜಾರೀತು ಅಂತ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಕ್ಲಚ್ ಅರ್ಧ ಒತ್ತಿಕೊಂಡೇ, ಹಿಡಿದುಕೊಂಡಿದ್ದೆ. ಕಾಗದ ಸುಟ್ಟ ಹಾಗೆ ಮೂಗಿಗೆ ಅಡರಿತು. ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಕಾದಿತ್ತು. ಹೀಗಾದರೆ ಜಾಗ ನೋಡಿ ಪಕ್ಕಕ್ಕೆ ಹಾಕಿ, ಇಪ್ಪತ್ತು ನಿಮಿಷ ಆರಲು ಬಿಡಿ. ಮತ್ತೆ ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಗಾಡಿ ಮುಂದಕ್ಕೆ ಎಳೆಯತೊಡಗಿದಾಗ ಹ್ಯಾಂಡ್‌ಬ್ರೇಕ್ ಬಿಡಿ. ಕಾಲು ಕ್ಲಚ್ ಮೇಲಿಂದ ಪೂರ್ತಿ ತೆಗೆಯಿರಿ. ಹೊಸ ಗಾಡಿ ತಾನೇ ಸರಿಹೋಗುತ್ತೆ ಅಂತ ಇದನ್ನು ಬಿಡಬೇಡಿ, ಸರಿಹೋಗಬೇಕಾದ್ದು ಕಾಲು.

ಇಳಿಯುವಾಗ ಬ್ರೇಕ್ ವಾಸನೆ. ಹೊಸ ಪ್ಯಾಡ್ ಕಾದಾಗ ಸ್ವಲ್ಪ ಬರುವುದು ಸಹಜ. ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕಿಗೆ ಕೆಲಸ ಕಡಿಮೆ. ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದೇ ಚಕ್ರ ಕೆಂಡದ ಹಾಗಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು, ಗ್ಯಾರೇಜಿಗೆ ಹೇಳಿ. ಹಿಂದಿನ ಎರಡೂ ಕಾದಿದ್ದರೆ ಮೊದಲು ನಿಮ್ಮ ಹ್ಯಾಂಡ್‌ಬ್ರೇಕ್ ನೋಡಿ.

ಒಳಗಿನ ಹೊಸ ವಾಸನೆ ಪ್ಲಾಸ್ಟಿಕ್, ಅಂಟು, ಫೋಮಿನದು. ಬಿಸಿಲಿಗೆ ಜಾಸ್ತಿ. ನಾಲ್ಕೂ ಬಾಗಿಲು ಐದು ನಿಮಿಷ ತೆಗೆದಿಟ್ಟು ಆಮೇಲೆ ಹತ್ತಿ. ಸೀಟಿನ ಪ್ಲಾಸ್ಟಿಕ್ ಕವರ್ ದಯವಿಟ್ಟು ಕಿತ್ತುಹಾಕಿ. ನಮ್ಮ ಕಡೆ ವರ್ಷಗಟ್ಟಲೆ ಇಡುತ್ತಾರೆ, ಆಮೇಲೆ ಮಕ್ಕಳು ವಾಂತಿ ಮಾಡುತ್ತವೆ ಅಂತ ಗೊಣಗುತ್ತಾರೆ! ಮೊದಲ ತಿಂಗಳು ಸೆಂಟು, ಊದುಬತ್ತಿ ಎರಡೂ ಬೇಡ. ಕೆಟ್ಟ ವಾಸನೆ ಬಂದರೂ ಗೊತ್ತಾಗುವುದಿಲ್ಲ.

ಕೆಲವು ವಾಸನೆಗೆ ಪುಸ್ತಕ ಬೇಡ, ಕೂಡಲೇ ಇಳಿಯಬೇಕು. ವೈರ್ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ದೂರ ನಿಲ್ಲಿ. ನಿಂತ ಕಾರಿನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಸ್ಟಾರ್ಟ್ ಮಾಡಲೇಬೇಡಿ. ಸಿಹಿ ವಾಸನೆ ಬಂದರೆ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಸೋರುತ್ತಿರಬಹುದು, ಬಿಸಿಯಿರುವಾಗ ಅದರ ಮುಚ್ಚಳ ಮುಟ್ಟಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಿಡದೆ ಬರುತ್ತಿದ್ದರೂ ತೋರಿಸಿ. ಆ ವಾಸನೆ ಗಂಧಕದಿಂದ ಬರುವುದು. ಈಗಿನ ಬಿಎಸ್6 (ಹೊಗೆ ಮಾಲಿನ್ಯ ನಿಯಮದ) ಪೆಟ್ರೋಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 10 ಪಾಲು, ಮೀರುವಂತಿಲ್ಲ, ಹಾಗಾಗಿ ಪೆಟ್ರೋಲಿನದೇ ತಪ್ಪು ಅಂತ ಸುಮ್ಮನಾಗಬೇಡಿ. ಬ್ಯಾಟರಿ ಅತಿಯಾಗಿ ಚಾರ್ಜ್ ಆದರೂ ಅದೇ ವಾಸನೆ.

ಮೊದಲ ಸರ್ವಿಸ್‌ಗೆ ಬಿಟ್ಟಾಗ ಪುಸ್ತಕದ ಕೊನೇ ಸಾಲು ಹೀಗಿತ್ತು: "960 ಕಿ.ಮೀ. ಹಿಂದಿನ ಸೀಟಿನಿಂದ ಹುಳಿ ವಾಸನೆ." ಅದು ಅತ್ತೆ ಮರೆತಿದ್ದ ಉಪ್ಪಿನಕಾಯಿ ಡಬ್ಬಿ.