ರ‍್ಯಾಂಕಿಂಗ್ ಪಕ್ಕಕ್ಕಿಟ್ಟು ಕ್ಯಾಲೆಂಡರ್ ಬರೆದೆ: ಯುರೋಪಿನಲ್ಲಿ ಫೈನಾನ್ಸ್ ಮಾಸ್ಟರ್ಸ್ ಆರಿಸಿಕೊಂಡ ನನ್ನ ಅನುಭವ

ಮೂರು ಕಡೆ ಸೀಟು ಸಿಕ್ಕಿತ್ತು. ಲಂಡನ್ನಿನಲ್ಲಿ ಹತ್ತು ತಿಂಗಳ ಕೋರ್ಸ್, ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ನಲ್ಲಿ ಮೂರು ಸೆಮಿಸ್ಟರಿನದು, ಇಟಲಿಯ ಮಿಲಾನಿನಲ್ಲಿರುವ ಬೊಕೋನಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ್ದು. ಮುಂಗಡ ಶುಲ್ಕ ಕಟ್ಟಲು ಹನ್ನೊಂದು ದಿನ ಉಳಿದಿತ್ತು. ಯಾರನ್ನು ಕೇಳಿದರೂ ಒಂದೇ ಮಾತು: ‘ರ‍್ಯಾಂಕಿಂಗ್‌ನಲ್ಲಿ ಮೇಲಿರೋದನ್ನ ತಗೋ.’

ಹಾಗಾಗಿ ಮೊದಲು ರ‍್ಯಾಂಕಿಂಗನ್ನೇ ಸರಿಯಾಗಿ ಓದಿದೆ. ಎಲ್ಲರೂ ತೋರಿಸುವುದು ಫೈನಾನ್ಷಿಯಲ್ ಟೈಮ್ಸ್ ಪಟ್ಟಿ. ಅದರಲ್ಲಿ ಓದು ಮುಗಿಸಿ ಮೂರು ವರ್ಷವಾದವರ ಸಂಬಳ ಕೇಳುತ್ತಾರೆ. ಅದನ್ನು ಡಾಲರಿಗೆ ತಿರುಗಿಸುವಾಗ ಆಯಾ ದೇಶದ ಬೆಲೆಗಳಿಗೆ ತಕ್ಕಂತೆ ಹೊಂದಿಸುತ್ತಾರೆ. ಅಂದ್ರೆ, ಖರ್ಚು ಕಡಿಮೆ ಇರುವ ದೇಶದಲ್ಲಿ ಕೆಲಸ ಮಾಡುವವರ ಸಂಬಳ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಜ್ಯೂರಿಕ್‌ನಲ್ಲಿ ಇರುವವರದು ಚಿಕ್ಕದಾಗುತ್ತದೆ. ಪಟ್ಟಿಯ ದೃಷ್ಟಿಯಿಂದ ಅದು ಸರಿ. ಆದರೆ ನನಗೆ ಬೇಕಿದ್ದದ್ದು ಯುರೋಪಿನಲ್ಲೇ ಸಾಲದ ವ್ಯವಹಾರ ನೋಡುವ ಕೆಲಸ, ಅಂದರೆ ಕಂಪನಿಗಳಿಗೆ ದೊಡ್ಡ ಸಾಲ ಹೊಂದಿಸಿಕೊಡುವ ತಂಡದಲ್ಲಿ. ಅಲ್ಲಿಗೆ ಹೋಗುವ ದಾರಿ ಯಾವುದು ಅನ್ನೋದನ್ನ ಆ ಪಟ್ಟಿ ಹೇಳಲಿಲ್ಲ.

ಆಮೇಲೆ ಒಂದು ದೊಡ್ಡ ಹಾಳೆ ತಗೊಂಡು ಇಪ್ಪತ್ತನಾಲ್ಕು ಮನೆ ಎಳೆದೆ, ತಿಂಗಳಿಗೊಂದು. ಲಂಡನ್ನಿನ ಬ್ಯಾಂಕುಗಳ ಬೇಸಿಗೆ ಇಂಟರ್ನ್‌ಶಿಪ್ ಶುರುವಾಗುವುದು ಜೂನ್‌ನಲ್ಲಿ. ಅದಕ್ಕೆ ಅರ್ಜಿ ತೆರೆಯುವುದು ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಬಂದ ಅರ್ಜಿಗಳನ್ನು ಬಂದ ಹಾಗೇ ನೋಡುತ್ತಾ ಹೋಗುವುದರಿಂದ ತಡವಾದರೆ ಸೀಟು ತುಂಬಿರುತ್ತದೆ. ಪೂರ್ತಿ ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಹೆಚ್ಚಿನ ಜಾಗ ಹೋಗುವುದು ಆ ಬೇಸಿಗೆಯ ಇಂಟರ್ನ್‌ಗಳಿಗೇ.

ಈಗ ಹತ್ತು ತಿಂಗಳ ಕೋರ್ಸನ್ನು ಆ ಹಾಳೆಯ ಮೇಲೆ ಇಟ್ಟು ನೋಡಿ. ಸೆಪ್ಟೆಂಬರ್‌ನಲ್ಲಿ ಊರಿಗೆ ಕಾಲಿಡುತ್ತೀರಿ, ಅದೇ ವಾರ ಅರ್ಜಿ ಹಾಕಬೇಕು. ರೆಸ್ಯೂಮೆಯಲ್ಲಿ ಹೊಸ ಶಾಲೆಯ ಹೆಸರು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೊದಲೇ ಒಳ್ಳೆ ಇಂಟರ್ನ್‌ಶಿಪ್ ಮಾಡಿದವರಿಗೆ ಇದು ಸಾಕು, ಅವರು ಒಂದು ವರ್ಷ ಉಳಿಸಿಕೊಳ್ಳಲಿ. ನಾನು ಆಡಿಟ್ ಕಡೆಯಿಂದ ಬಂದವನು, ನನಗೆ ಒಂದೇ ಸಲದ ಅವಕಾಶ ಕಡಿಮೆ ಅನ್ನಿಸಿತು. ಎರಡು ವರ್ಷದ ಕೋರ್ಸಿನಲ್ಲಿ ನಡುವೆ ಒಂದು ಬೇಸಿಗೆ ಸಿಗುತ್ತದೆ, ಅರ್ಜಿ ಹಾಕಲು ಎರಡು ಸೆಪ್ಟೆಂಬರ್ ಸಿಗುತ್ತವೆ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಪ್ಯಾರಿಸ್, ಮಿಲಾನ್, ಫ್ರಾಂಕ್‌ಫರ್ಟ್ ಕಡೆ ಆರು ತಿಂಗಳ ಇಂಟರ್ನ್‌ಶಿಪ್ ಸಾಮಾನ್ಯ. ಫ್ರಾನ್ಸಿನಲ್ಲಿ ಅದಕ್ಕೆ ಶಾಲೆ, ಕಂಪನಿ, ವಿದ್ಯಾರ್ಥಿ ಸೇರಿ ಸಹಿ ಹಾಕುವ ‘ಕಾನ್ವಾನ್ಸಿಯೋಂ ದ ಸ್ತಾಜ್’ ಎಂಬ ಒಪ್ಪಂದ ಪತ್ರ ಬೇಕೇ ಬೇಕು. ಶಾಲೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವ ತನಕ ಮಾತ್ರ ಅದು ಸಿಗುತ್ತದೆ. ಕೋರ್ಸ್ ಬೇಗ ಮುಗಿದರೆ ಈ ಬಾಗಿಲೂ ಬೇಗ ಮುಚ್ಚುತ್ತದೆ. ಹಾಗಾಗಿ ಶಾಲೆಗೆ ಕೇಳಲೇಬೇಕಾದ ಪ್ರಶ್ನೆ ಇದು: ತರಗತಿ ಮುಗಿದ ಮೇಲೂ ಇಂಟರ್ನ್‌ಶಿಪ್‌ಗಾಗಿ ನನ್ನನ್ನು ವಿದ್ಯಾರ್ಥಿಯಾಗಿ ಉಳಿಸಿಕೊಳ್ಳುತ್ತೀರಾ?

ವೀಸಾ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆದೆ. ಯುರೋಪಿನ ಪಾಸ್‌ಪೋರ್ಟ್ ಇಲ್ಲದವರಿಗೆ ಓದು ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿಯಲ್ಲಿ 18 ತಿಂಗಳು, ನೆದರ್‌ಲೆಂಡ್ಸ್‌ನಲ್ಲಿ ಒಂದು ವರ್ಷ, ಸ್ವಿಟ್ಜರ್ಲೆಂಡಿನಲ್ಲಿ ಆರೇ ತಿಂಗಳು. ಬ್ರಿಟನ್ನಿನಲ್ಲಿ ಎರಡು ವರ್ಷ ಇತ್ತು, 2027ರ ಜನವರಿಯಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ 18 ತಿಂಗಳು. ಸೇಂಟ್ ಗ್ಯಾಲನ್ ಕೈಬಿಟ್ಟಿದ್ದು ಇಲ್ಲಿ. ಬೇಜಾರಾಯಿತು, ಶುಲ್ಕ ಕಡಿಮೆ ಇರುವ ಒಳ್ಳೆ ಸರ್ಕಾರಿ ವಿಶ್ವವಿದ್ಯಾಲಯ ಅದು. ಆದರೆ ಜರ್ಮನ್ ಬಾರದೆ ಆರು ತಿಂಗಳಲ್ಲಿ ಜ್ಯೂರಿಕ್‌ನಲ್ಲಿ ಕೆಲಸ ಹಿಡಿಯುವ ಧೈರ್ಯ ನನಗಿರಲಿಲ್ಲ.

ಒಂದು ಶಾಲೆಯ ಉದ್ಯೋಗ ವರದಿಯಲ್ಲಿ ಶೇಕಡಾ ತೊಂಬತ್ತಕ್ಕೂ ಜಾಸ್ತಿ ಜನರಿಗೆ ಕೆಲಸ ಸಿಕ್ಕಿದೆ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಉತ್ತರ ಕೊಟ್ಟವರ ಲೆಕ್ಕ ಎಂದಿತ್ತು. ಎಷ್ಟು ಜನ ಉತ್ತರ ಕೊಟ್ಟರು ಎಂದು ಎರಡು ಸಲ ಮೇಲ್ ಮಾಡಿದೆ, ಉತ್ತರ ಬರಲಿಲ್ಲ. ಅದಕ್ಕಿಂತ ಲಿಂಕ್ಡ್‌ಇನ್ ಉಪಯೋಗಕ್ಕೆ ಬಂತು. ನನ್ನ ಹಾಗೆ ಯುರೋಪಿನ ಹೊರಗಿಂದ ಬಂದು ಸಾಲದ ತಂಡಗಳಲ್ಲಿ ಕುಳಿತವರನ್ನು ಹುಡುಕಿ, ಅವರು ಎಲ್ಲಿ ಓದಿದರು, ಮೊದಲ ಇಂಟರ್ನ್‌ಶಿಪ್ ಯಾವ ತಿಂಗಳು ಸಿಕ್ಕಿತು ಅಂತ ಬರೆದುಕೊಂಡೆ. ಏಳು ಜನ ಫೋನಿಗೆ ಸಿಕ್ಕರು. ಐದು ಜನ ಎರಡನೇ ಸೆಪ್ಟೆಂಬರ್‌ನಲ್ಲಿ ದಾರಿ ಕಂಡುಕೊಂಡವರು. ಒಂಬತ್ತನೇ ದಿನ ಬೊಕೋನಿಗೆ ಹಣ ಕಟ್ಟಿದೆ.

ಮೊದಲ ಸೆಪ್ಟೆಂಬರ್‌ನಲ್ಲಿ ಹಾಕಿದ ಅರ್ಜಿಗಳಲ್ಲಿ ಒಂದೂ ದಾಟಲಿಲ್ಲ. ಬೇಸಿಗೆಗೆ ಮಿಲಾನಿನ ಒಂದು ಸಣ್ಣ ಸಲಹಾ ತಂಡ ತೆಗೆದುಕೊಂಡಿತು. ಪಾಠವೆಲ್ಲ ಇಂಗ್ಲಿಷಿನಲ್ಲಿದ್ದರೂ ಆಫೀಸು ಪೂರ್ತಿ ಇಟಾಲಿಯನ್. ಮೊದಲ ವಾರ ಫೋನಿನಲ್ಲಿ ‘ಸೆಸ್ಸಾಂತಸೆತ್ತೆ’ ಅಂದದ್ದು ನನಗೆ ‘ಸೆತ್ತಾಂತಸೆತ್ತೆ’ ಅಂತ ಕೇಳಿ, 67 ಮಿಲಿಯನ್ ಯೂರೋ ಸಾಲವನ್ನು ಎಕ್ಸೆಲ್‌ನಲ್ಲಿ 77 ಅಂತ ಹಾಕಿದೆ. ಮರುಪಾವತಿ ಕೋಷ್ಟಕ ಕೊನೆಯಲ್ಲಿ ಸೊನ್ನೆಗೆ ಬರಲೇ ಇಲ್ಲ. ಪಕ್ಕದವರು ಬೆರಳಿಟ್ಟು ತೋರಿಸಿದರು. ಅಂದಿನಿಂದ ಪ್ರತಿ ಅಂಕಿಯನ್ನೂ ತಿರುಗಿ ಹೇಳಿ ಖಚಿತ ಮಾಡಿಕೊಂಡೆ, ಸಂಜೆ ಭಾಷಾ ತರಗತಿಗೂ ಸೇರಿದೆ. ಮಿಲಾನ್, ಫ್ರಾಂಕ್‌ಫರ್ಟ್, ಪ್ಯಾರಿಸ್ ಎಣಿಸುವವರು ಆ ಊರಿನ ಭಾಷೆಗೆ ಒಂದು ವರ್ಷ ಮೊದಲೇ ಸಮಯ ಇಡಬೇಕು. ಆಮ್‌ಸ್ಟರ್‌ಡ್ಯಾಮ್‌ನ ಟ್ರೇಡಿಂಗ್ ಕಂಪನಿಗಳಲ್ಲಿ ಇಂಗ್ಲಿಷ್ ಸಾಕು, ಆದರೆ ಅಲ್ಲಿ ಗಣಿತ ಗಟ್ಟಿ ಇರಬೇಕು.

ಎರಡನೇ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಮತ್ತೆ ಅರ್ಜಿ ಹಾಕಿದೆ. ಸಂದರ್ಶನದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಅವರು ಕೇಳಿದ್ದು ಆ ಮಿಲಾನಿನ ಸಾಲದ ಬಗ್ಗೆಯೇ: ಬಡ್ಡಿ ಎಷ್ಟು, ಅಡಮಾನ ಏನು, ಕಂಪನಿಯ ನಗದು ಯಾವ ತಿಂಗಳು ಬಿಗಿಯಾಗುತ್ತದೆ. ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಈಗಲೂ ಅದೇ ತಂಡದಲ್ಲಿದ್ದೇನೆ.